ರೆಕ್ಕೆಯ ಅಂಚಿನ ಬಣ್ಣ

ಮೊನ್ನೆ ಬೆಂಗಳೂರಿನ ವಿಜಯನಗರದ ಒಬ್ಬ ಹಲ್ಲಿನ ಡಾಕ್ಟರು ಹತ್ತಿಯ ಉಂಡೆಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿ ನನ್ನ ಹುಳುಕು ಹಲ್ಲಿನ ಮೇಲೆ ಒತ್ತಿದರು. ಆ ವಾಸನೆ ಬೇರೆಯವರಿಗೆ ಅಜ್ಜಿಯ ಮನೆಮದ್ದನ್ನೋ ಮದುವೆಯ ಪಲಾವನ್ನೋ ನೆನಪಿಸಬಹುದು. ನನಗೆ ಒಂದು ಬಿಳಿ ಪ್ಲಾಸ್ಟಿಕ್ ಟಬ್ಬು, ಅದರ ಮೇಲೆ ಬಾಗಿದ ತಲೆಗಳು, ನೀರಿನಲ್ಲಿ ನಿಧಾನವಾಗಿ ಮಗ್ಗುಲಾಗುತ್ತಿದ್ದ ಒಂದು ಮೀನು ನೆನಪಾದವು. ಹಲ್ಲು ಕಿತ್ತಾದ ಮೇಲೆ ಕೆನ್ನೆಯ ಅರ್ಧಭಾಗ ಜೋಮು ಹಿಡಿದಿತ್ತು. ಮನೆಗೆ ಹೋಗುವ ಬದಲು ಮಾರ್ಕೆಟ್ಟಿನ ಹಿಂದಿನ ಅಡ್ಡರಸ್ತೆಯತ್ತ ತಿರುಗಿದೆ. ರತ್ನಕ್ಕನ ಮೀನಿನ ಅಂಗಡಿ ಇನ್ನೂ ಇದೆಯೋ ಇಲ್ಲವೋ ನೋಡಬೇಕಿತ್ತು.

ಮೀನುಗಳ ವರ್ಗೀಕರಣದಲ್ಲಿ ನಾನು ಪಿಎಚ್.ಡಿ. ಮಾಡಿದವನು. ಈಗ ಆ ಕೆಲಸದಲ್ಲಿಲ್ಲ. ಯಾವ ಕೆಲಸದಲ್ಲೂ ಹೆಚ್ಚು ದಿನ ನಿಲ್ಲುವ ಜಾಯಮಾನ ನನ್ನದಲ್ಲ. ಸದ್ಯಕ್ಕೆ ಶಾಲಾ ಮಕ್ಕಳ ವಿಜ್ಞಾನ ಪುಸ್ತಕಗಳನ್ನು ತಿದ್ದುತ್ತಿದ್ದೇನೆ. ಆದರೆ ಆ ಒಂದು ಮಳೆಗಾಲ ನನ್ನೊಳಗೆ ಇನ್ನೂ ಮುಗಿದಿಲ್ಲ. ಆಗ ಗೋವಿಂದರಾಜನಗರದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದೆ. ನನ್ನ ಗೈಡ್ ಆಗಿದ್ದ ವಸುಂಧರಾ ಮೇಡಂ ಅವರ ಪ್ರಾಜೆಕ್ಟ್‌ನಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. ಪ್ರಾಜೆಕ್ಟ್ ದಸರಾ ಹೊತ್ತಿಗೆ ಮುಗಿಯುವುದಿತ್ತು. ಸಮುದ್ರದ ಮೀನುಗಳನ್ನು ಅಧ್ಯಯನ ಮಾಡುವವರು ಬೆಂಗಳೂರಿನಲ್ಲಿ ಕೂತು ಏನು ಮಾಡುತ್ತೀರಿ ಎಂದು ನೆಂಟರು ಕೇಳುತ್ತಿದ್ದರು. ಬಾಟಲಿಯಲ್ಲಿ ಮುಳುಗಿಸಿಟ್ಟ ಮೀನುಗಳ ಹುರುಪೆ ಎಣಿಸುತ್ತೇವೆ ಎಂದರೆ ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ.

ರತ್ನಕ್ಕನ ಮನೆಯವರು ಆ ಕಡೆಯ ಹಳೇ ಊರಿನ ಜನ. ಈಗ ಮೂರಂತಸ್ತಿನ ಕಟ್ಟಡವಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಮೇಲಿನ ಮನೆಗಳನ್ನು ಬಾಡಿಗೆಗೆ ಕೊಟ್ಟು, ಕೆಳಗಿನ ಮಳಿಗೆಯಲ್ಲಿ ರತ್ನಕ್ಕ ಅಕ್ವೇರಿಯಂ ಅಂಗಡಿ ಇಟ್ಟಿದ್ದರು. ಮೊಬೈಲ್ ಶೋರೂಮಿಗೆ ಕೊಡು ಎಂದು ಎಲ್ಲರೂ ಹೇಳಿದರೂ ಕೇಳಿರಲಿಲ್ಲ. ಮನೆಮನೆಗೆ ಹೋಗಿ ತೊಟ್ಟಿ ತೊಳೆಯುವ ಕೆಲಸ ಅವರ ತಮ್ಮ ಲೋಕೇಶನದು. ಅಂಗಡಿಯ ತುಂಬ ಸಿಹಿನೀರಿನ ಮೀನುಗಳು. ಹಿಂದಿನ ಗೋಡೆಗೆ ಮಾತ್ರ ಒಂದು ಉಪ್ಪುನೀರಿನ ತೊಟ್ಟಿ, ಅದರ ಮೇಲೆ ಹವಳ ಹೊಳೆಯಲೆಂದು ಹಾಕಿದ ಕಡುನೀಲಿ ದೀಪ. ಆ ತೊಟ್ಟಿ ಮಾರಾಟಕ್ಕಿಂತ ಹೆಚ್ಚಾಗಿ ರತ್ನಕ್ಕನ ಸಂತೋಷಕ್ಕೆ ಇದ್ದದ್ದು. ಮೆಟ್ರೊ ರೈಲು ಹೋದಾಗಲೆಲ್ಲ ಅದರ ನೀರು ಸಣ್ಣಗೆ ನಡುಗುತ್ತಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮೊನ್ನೆ ಅಲ್ಲೇ ನಿಂತು ನೋಡಿದೆ. ರೈಲು ಹೋಗುವುದು ಅಲ್ಲಿಗೆ ಕೇಳಿಸುವುದೂ ಇಲ್ಲ. ನೀರು ನಡುಗುವುದೂ ಇಲ್ಲ.

ಆಷಾಢದ ಒಂದು ಸಂಜೆ ಮಳೆಗೆ ಸಿಕ್ಕಿ ಆ ಅಂಗಡಿಯೊಳಗೆ ನುಗ್ಗಿದ್ದೆ. ಈ ಮಳೆ ಮಾತ್ರ ನಿಜವಾಗಿ ಬಂದಿತ್ತು. ಒದ್ದೆ ಚಪ್ಪಲಿ ಹೊರಗೆ ಬಿಡಿ ಎಂದು ರತ್ನಕ್ಕ ಗದರಿದ್ದು ನೆನಪಿದೆ. ಆಷಾಢದಲ್ಲಿ ಅವರಿಗೆ ವ್ಯಾಪಾರ ಕಡಿಮೆ. ಗೃಹಪ್ರವೇಶಗಳಿಲ್ಲ, ಹೊಸ ಮನೆಯ ಹಾಲ್‌ಗೆ ಅಕ್ವೇರಿಯಂ ಬೇಕೆನ್ನುವವರಿಲ್ಲ. ಹಾಗಾಗಿ ಸುಮ್ಮನೆ ನಿಂತವನ ಜೊತೆ ಮಾತಾಡಲು ಅವರಿಗೆ ಪುರುಸೊತ್ತಿತ್ತು.

ಹಿಂದಿನ ತೊಟ್ಟಿಯಲ್ಲಿ ತೋರುಬೆರಳುದ್ದದ ಒಂದು ಮೀನು ಬೆನ್ನಿನ ರೆಕ್ಕೆಯನ್ನು ಹಾಯಿಯಂತೆ ಎತ್ತಿ, ಮೂರು ಸಣ್ಣ ಮೀನುಗಳ ಮುಂದೆ ಅತ್ತಿತ್ತ ಸುಳಿಯುತ್ತಿತ್ತು. ಹವಳದ ದಿಬ್ಬಗಳಲ್ಲಿ ಗುಂಪಾಗಿ ಬಾಳುವ ‘ರ‍್ಯಾಸ್’ ಎಂಬ ಜಾತಿಯದು. ಎತ್ತಿದ ರೆಕ್ಕೆಯ ಅಂಚಿನಲ್ಲಿ ಸಣ್ಣ ಕುಂಚದಿಂದ ಎಳೆದಂಥ ಹಳದಿ ಗೆರೆ ಇತ್ತು. ಇತ್ತು ಎಂದು ಆಗ ನನಗೆ ಕೊಂಚವೂ ಅನುಮಾನವಿರಲಿಲ್ಲ. ಆ ಗುಂಪಿನಲ್ಲಿ ಹಳದಿ ಅಂಚಿನ ಮೀನನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

“ಇದು ಎಲ್ಲಿಂದ ಬಂತು ಅಕ್ಕ?”

“ಚೆನ್ನೈಯಿಂದ ಸಾರ್. ಒಂದೇ ಕವರಲ್ಲಿ ನಾಲ್ಕು ಬಂತು. ಇವ್ನೊಬ್ಬ ಗಂಡು, ಮಿಕ್ಕಿದ್ದು ಇವ್ನ ಹೆಂಡ್ತೀರು. ಯಾಕೆ, ಬೇಕಿತ್ತಾ?”

“ಹೆಸರೇನಂತೆ ಇದರದು?”

“ಅವ್ರು ಬರೀ ಮಿಕ್ಸ್ ಅಂತ ಹೇಳಿ ಕಳ್ಸಿದಾರೆ. ಹೆಸರು ಕಟ್ಕೊಂಡು ಏನ್ ಸಾರ್ ಮಾಡ್ತೀರಾ? ನೋಡಿ, ಹೆಂಗೆ ಮೆರೀತಾ ಅವ್ನೆ!”

ಹೆಸರು ಕಟ್ಟಿಕೊಂಡೇ ನನ್ನ ಜೀವನ ನಡೆಯುತ್ತಿತ್ತು. ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡೆ. ನೀಲಿ ದೀಪದಡಿ ಎಲ್ಲವೂ ನೀಲಿಯಾಗಿ ಬಂತು. ಬೆಳಿಗ್ಗೆ ಒಳ್ಳೆಯ ಕ್ಯಾಮೆರಾ, ಬಿಳಿ ದೀಪ ತರುತ್ತೇನೆ, ಯಾರಿಗೂ ಮಾರಬೇಡಿ ಎಂದು ಹೇಳಿ ಹೊರಟೆ.

ಈ ಜಾತಿಯ ಮೀನುಗಳಿಗೆ ಬೆದರಿದರೆ ನೀರಿನಿಂದ ಹಾರುವ ಅಭ್ಯಾಸ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅದು ಮುಚ್ಚಳದ ಸಂದಿನಿಂದ ಹಾರಿ ನೆಲಕ್ಕೆ ಬಿದ್ದು ಸತ್ತಾಗಿತ್ತು. ರತ್ನಕ್ಕ ಅದನ್ನು ಕವರಿನಲ್ಲಿ ಸುತ್ತಿ, ಮೇಲೆ ಅವರ ಮನೆಯ ಫ್ರಿಜ್‌ನಲ್ಲಿ, ದೋಸೆ ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟಿದ್ದರು. “ನೀವು ಅಷ್ಟು ಆಸೆಯಿಂದ ಕೇಳಿದ್ರಲ್ಲ ಸಾರ್, ಬಿಸಾಕೋಕೆ ಮನಸ್ಸು ಬರ್ಲಿಲ್ಲ” ಎಂದರು. ಕವರು ಬಿಚ್ಚಿದರೆ ಬೆಂದ ಅನ್ನದ ಬಣ್ಣದ ಮೀನು. ಹಳದಿ ಎಲ್ಲೂ ಇರಲಿಲ್ಲ.

ವಸುಂಧರಾ ಮೇಡಂಗೆ ಫೋನ್ ಮಾಡಿದೆ. ಯಾರೇ ಬರೆದುಕೊಟ್ಟರೂ ಮೊದಲು ವಿಶೇಷಣಗಳನ್ನು ಹೊಡೆದುಹಾಕುವವರು ಅವರು.

“ಫೋಟೊ ಇದೆಯಾ?”

“ಇದೆ ಮೇಡಂ. ಆದರೆ ಎಲ್ಲಾ ನೀಲಿ.”

“ಅಂದರೆ ಇಲ್ಲ. ಮೀನು ತಗೊಂಡು ಬಾ.”

ಸೂಕ್ಷ್ಮದರ್ಶಕದಡಿ ಮೇಡಂ ಅದನ್ನು ತುಂಬಾ ಹೊತ್ತು ನೋಡಿದರು. ಹುರುಪೆಯ ಸಾಲು, ರೆಕ್ಕೆಯ ಮುಳ್ಳು, ಹಲ್ಲು ಎಲ್ಲ ನೋಡಿ, “ಇದು ಹೊಸದಿರಬಹುದು ಶ್ರೀಧರ” ಎಂದರು. ಅವರ ಬಾಯಲ್ಲಿ ‘ಇರಬಹುದು’ ಎಂಬುದು ಬೇರೆಯವರ ಕುಣಿತಕ್ಕೆ ಸಮ. ಆದರೆ ತೊಡಕಿತ್ತು. ಇದರ ಹತ್ತಿರದ ಬಂಧುಗಳಾದ ಎರಡು ಪ್ರಭೇದಗಳು ಮೈಕಟ್ಟಿನಲ್ಲಿ ಬಹುತೇಕ ಹೀಗೆಯೇ ಇರುತ್ತವೆ. ಅವುಗಳನ್ನು ಬೇರ್ಪಡಿಸುವುದು ಬದುಕಿರುವ ಗಂಡಿನ ರೆಕ್ಕೆಯಂಚಿನ ಬಣ್ಣ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ತಿಳಿನೀಲಿ. ಸ್ಪಿರಿಟ್ಟಿನಲ್ಲಿ ಇಟ್ಟ ಮೀನಿನಲ್ಲಿ ಹಳದಿ, ಕೆಂಪು ಮೊದಲಾದ ಬಣ್ಣಗಳು ಉಳಿಯುವುದಿಲ್ಲ. ಲೋಕೇಶ ಅದನ್ನು ಗಮನಿಸಿರಲಿಲ್ಲ. ಬದುಕಿದ್ದಾಗ ಅದನ್ನು ನೋಡಿದ ಸಾಕ್ಷಿಗಳು ನಾನು ಮತ್ತು ರತ್ನಕ್ಕ.

ರತ್ನಕ್ಕನನ್ನು ಕೇಳಿದೆ. “ಹಸಿರು ಸಾರ್” ಎಂದರು, ಕೈಯಲ್ಲಿದ್ದ ಜಾಲರಿಯನ್ನೂ ಕೆಳಗಿಡದೆ.

“ಹಳದಿ ಅಲ್ವಾ ಅಕ್ಕ?”

“ಗಿಣಿ ಹಸಿರು. ನನ್ನ ಒಂದು ಮೈಸೂರು ಸಿಲ್ಕಿಗೆ ಇರೋ ಅಂಚು. ನನಗೆ ಸೀರೆ ಅಂಚು ಮರ್ತು ಹೋಗುತ್ತಾ?”

ತೊಟ್ಟಿ ಒರೆಸುತ್ತಿದ್ದ ಲೋಕೇಶ, “ಅಕ್ಕ, ನಿನ್ ಹತ್ರ ಆ ಸೀರೆನೇ ಇಲ್ಲ. ಅದು ಚಿಕ್ಕಮ್ಮನ ಸೀರೆ” ಎಂದ.

“ನೀನು ಒರ್ಸೋದು ನೋಡು.”

ಇದನ್ನೆಲ್ಲ ಮೇಡಂಗೆ ಹೇಳಿದೆ. “ನಿನಗೆ ಹಳದಿ, ಆಕೆಗೆ ಹಸಿರು. ಪೇಪರ್‌ನಲ್ಲಿ ಯಾರದು ಹಾಕಲಿ?” ಎಂದರು. ನನ್ನದು ತರಬೇತಿ ಪಡೆದ ಕಣ್ಣು ಎಂದೆ. “ತರಬೇತಿ ಪಡೆದ ಕಣ್ಣಿಗೆ ಏನು ಬೇಕೋ ಅದು ಬೇಗ ಕಾಣುತ್ತೆ” ಎಂದು ಬಾಟಲಿಯನ್ನು ನನ್ನ ಮುಂದಕ್ಕೆ ಸರಿಸಿದರು. ಬಣ್ಣ ಸಿಗದಿದ್ದರೆ ಆ ಬಾಟಲಿ, ಹೆಸರಿಲ್ಲದ ನೂರಾರು ಬಾಟಲಿಗಳ ಜೊತೆ ಕಪಾಟು ಸೇರುತ್ತಿತ್ತು. ಪ್ರಾಜೆಕ್ಟ್ ಮುಗಿದ ಮೇಲೆ ಅದನ್ನು ಯಾರೂ ತೆಗೆದು ನೋಡುತ್ತಿರಲಿಲ್ಲ. ನನಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ದೇವರನ್ನು, ಜಾತಕವನ್ನು, ಪವಾಡಗಳನ್ನು ನೋಡಿದ ಸಾಕ್ಷಿ ಎಲ್ಲಿ ಎಂದು ಕೇಳುತ್ತಾ ಬೆಳೆದವನು ನಾನು. ಈಗ ನಾನೇ ಸಾಕ್ಷಿ, ನನ್ನನ್ನು ಯಾರೂ ನಂಬುತ್ತಿಲ್ಲ.

ದಾರಿ ತೋರಿಸಿದ್ದು ಮೀನಿನ ಸ್ವಭಾವವೇ. ಈ ಜಾತಿಯಲ್ಲಿ ಗಂಡು ಸತ್ತರೆ ಉಳಿದ ಹೆಣ್ಣುಗಳಲ್ಲಿ ದೊಡ್ಡದು ನಿಧಾನವಾಗಿ ಗಂಡಾಗುತ್ತದೆ. ಬರೀ ನಡವಳಿಕೆಯಲ್ಲಿ ಅಲ್ಲ, ಒಡಲಿನೊಳಗೂ. ಕೆಲವು ವಾರಗಳಲ್ಲಿ ಗಂಡಿನ ಬಣ್ಣಗಳನ್ನೂ ತಾಳುತ್ತದೆ. ತೊಟ್ಟಿಯಲ್ಲಿ ಇನ್ನೂ ಮೂರು ಹೆಣ್ಣುಗಳಿದ್ದವು. ಸತ್ತ ಮೀನಿನ ಬಣ್ಣ ಬದುಕಿರುವ ಮೀನಿನ ಮೇಲೆ ಮತ್ತೆ ಬರುತ್ತದೆ ಎಂದಾಯಿತು. ನನ್ನ ನೆನಪಿಗೆ ಇಂಥ ಪರೀಕ್ಷೆ ಹಿಂದೆಂದೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ.

ಇದನ್ನು ವಿವರಿಸಿದಾಗ ರತ್ನಕ್ಕ ಗಲ್ಲದ ಮೇಲೆ ಕೈಯಿಟ್ಟು ಕೇಳಿದರು. ಲೋಕೇಶ ಮಾತ್ರ, “ಅಕ್ಕ, ಭಾವ ಊರಿಗೆ ಹೋದಾಗ ನೀನು ಗದರೋದು ನೋಡಿದ್ರೆ ನಂಗೂ ಡೌಟ್ ಬರುತ್ತೆ” ಎಂದ. ಅವನ ಬೆನ್ನಿಗೆ ಒದ್ದೆ ಬಟ್ಟೆ ಬಿತ್ತು. ಆ ಮೀನುಗಳನ್ನು ಮಾರುವುದಿಲ್ಲವೆಂದು ರತ್ನಕ್ಕ ಒಪ್ಪಿದರು. ನೀಲಿ ದೀಪ ತೆಗೆದು ಬಿಳಿ ಟ್ಯೂಬ್ ಹಾಕಿಸಿದೆ. ಮುಚ್ಚಳದ ಸಂದಿಗೆ ಲೋಕೇಶ ಸೊಳ್ಳೆ ಪರದೆ ಬಿಗಿದ. ದೊಡ್ಡ ಹೆಣ್ಣಿಗೆ ರತ್ನಕ್ಕ ‘ದೊಡ್ಡವಳು’ ಎಂದು ಹೆಸರಿಟ್ಟರು.

ಆಮೇಲೆ ದಿನವೂ ಕಾಯುವುದೇ ಕೆಲಸವಾಯಿತು. ಮಳೆ ಹಿಡಿದ ಆ ದಿನಗಳಲ್ಲಿ ಪ್ರಯೋಗಾಲಯದಿಂದ ಬಂದು ನೇರ ಅಂಗಡಿಗೆ ಹೋಗುತ್ತಿದ್ದೆ. ಮಾರ್ಕೆಟ್ಟಿನ ಕೆಸರು ದಾಟಿ, ಹೂವಿನವರ ನೀಲಿ ಟಾರ್ಪಾಲಿನ ಅಂಚಿನಿಂದ ಸುರಿಯುವ ನೀರು ತಪ್ಪಿಸಿಕೊಂಡು ಒಳಗೆ ಬಂದರೆ, ಊರಿಗೆ ನೂರಾರು ಮೈಲಿ ದೂರದ ಸಮುದ್ರದ ವಾಸನೆ. ಬಕೆಟ್ಟಿನಲ್ಲಿ ಉಪ್ಪು ಕಲಸಿ ರತ್ನಕ್ಕನೇ ಮಾಡುತ್ತಿದ್ದ ಸಮುದ್ರ ಅದು. ದೊಡ್ಡವಳು ಮೊದಲು ಉಳಿದೆರಡನ್ನು ಅಟ್ಟಾಡಿಸಲು ಶುರುಮಾಡಿದಳು. ಆಮೇಲೆ ಬೆನ್ನಿನ ರೆಕ್ಕೆ ಎತ್ತುವುದನ್ನು ಕಲಿತಳು. “ಇನ್ಮೇಲೆ ದೊಡ್ಡವನು ಅನ್ಬೇಕಾ ಸಾರ್?” ಎಂದು ಲೋಕೇಶ ದಿನಾ ಕೇಳುತ್ತಿದ್ದ. ಇನ್ನೂ ಇಲ್ಲ ಎನ್ನುತ್ತಿದ್ದೆ.

ಶ್ರಾವಣದ ಎರಡನೆಯ ಶನಿವಾರ ನಾನು ಒಳಗೆ ಹೋದಾಗ ರತ್ನಕ್ಕ ವೆಂಕಟರಮಣನ ಗುಡಿಗೆ ಹೋಗಿ ಬಂದು, ಹಣೆಯ ಮೇಲೆ ನಾಮವಿಟ್ಟುಕೊಂಡೇ ಗಲ್ಲಾದ ಮುಂದೆ ಕೂತಿದ್ದರು. “ನೋಡಿ ಸಾರ್, ಹೋಗಿ ನೋಡಿ” ಎಂದರು. ಹಿಂದಿನ ತೊಟ್ಟಿಯಲ್ಲಿ ಬಿಳಿ ಬೆಳಕಿನಡಿ ಎತ್ತಿದ ರೆಕ್ಕೆ. ಅಂಚಿನಲ್ಲಿ ಹಳದಿ ಗೆರೆ.

ನಾನು ಏನೋ ಕೂಗಿರಬೇಕು, ಗಿರಾಕಿಯೊಬ್ಬರು ತಿರುಗಿ ನೋಡಿದರು. ಫೋಟೊಗಳನ್ನು ತೆಗೆದು ಮೇಡಂಗೆ ಕಳಿಸಿದೆ. ಓಡಿಹೋಗಿ ಮೆಡಿಕಲ್ ಸ್ಟೋರಿನಿಂದ ಲವಂಗದ ಎಣ್ಣೆ ತಂದೆ. ನೀರಿಗೆ ನಾಲ್ಕು ಹನಿ ಹಾಕಿದರೆ ಮೀನು ಮಂಪರಿಗೆ ಜಾರುತ್ತದೆ, ಇನ್ನಷ್ಟು ಹಾಕಿದರೆ ನೋವಿಲ್ಲದೆ ಸಾಯುತ್ತದೆ. ಹೊಸ ಪ್ರಭೇದಕ್ಕೆ ಹೆಸರಿಡಬೇಕಾದರೆ, ಬದುಕಿದ್ದಾಗಿನ ಬಣ್ಣ ದಾಖಲಾದ ಒಂದು ಮೀನು ಸಂಗ್ರಹಾಲಯದಲ್ಲಿ ಇರುವುದು ಒಳ್ಳೆಯದು. ಕೆಲಸ ಅವತ್ತೇ ಮುಗಿಯಬೇಕು ಎಂಬ ಆತುರ ನನಗೆ. ಮೊದಲನೆಯದು ಹಾರಿ ಸತ್ತಿದ್ದನ್ನು ಕಂಡಿದ್ದೆನಲ್ಲ.

ಯಾಕೆ ತಂದೆನೆಂದು ಹೇಳಿದಾಗ ರತ್ನಕ್ಕ ಬಾಟಲಿ ನೋಡಿ ಎದ್ದು ನಿಂತರು. “ಇವತ್ತಾ? ಶ್ರಾವಣ ಶನಿವಾರಾನಾ?”

“ನೋವಾಗಲ್ಲ ಅಕ್ಕ.”

“ನೋವಿನ ಮಾತಲ್ಲ ಸಾರ್. ನಮ್ಮನೇಲಿ ಭಾನುವಾರ ಮೀನಿನ ಸಾರು ಮಾಡಲ್ವಾ? ಮಾಡ್ತೀವಿ. ಶ್ರಾವಣದಲ್ಲಿ ಒಲೆ ಮೇಲೆ ಮೊಟ್ಟೆನೂ ಇಡಲ್ಲ. ನಾನು ಸಾಕ್ತಾ ಇರೋ ಜೀವಾನ ನನ್ನ ಅಂಗಡೀಲೇ ತೆಗೀತೀನಿ ಅಂತೀರಲ್ಲ!”

“ಹಾಗಾದ್ರೆ ನಾನು ಲ್ಯಾಬಿಗೆ ತಗೊಂಡು ಹೋಗ್ತೀನಿ.”

“ಎಲ್ಲಿ ತಗೊಂಡು ಹೋದ್ರೂ ನನ್ನ ಮೀನೇ ಅಲ್ವಾ? ಶ್ರಾವಣ ಕಳೀಲಿ. ಗೌರಿ ಗಣೇಶನೂ ಮುಗೀಲಿ. ಆಮೇಲೆ ನಾನೇ ಹಿಡಿದು ಕೊಡ್ತೀನಿ.”

ನಾನು ಮೀನಿಗೆ ಪಂಚಾಂಗ ಗೊತ್ತಿಲ್ಲ ಎಂದೆ. “ನಂಗೆ ಗೊತ್ತಲ್ಲ” ಎಂದರು. ಮೇಡಂ ಆಕೆಗೆ ಹೇಳಲಿ ಎಂದು ಫೋನು ಹಚ್ಚಿದರೆ ಅವರು, “ಮೀನು ಆಕೆಯದು. ಕಾಯೋಣ. ಹಾರದ ಹಾಗೆ ನೋಡಿಕೊ” ಎಂದರು. ಆ ರಾತ್ರಿ ಕೋಪದಲ್ಲಿ ಊಟ ಸೇರಲಿಲ್ಲ. ನಾನು ಸರಿ ಎಂದು ಹೇಳುವ ಏಕೈಕ ಪುರಾವೆ ಒಂದು ಸೊಳ್ಳೆ ಪರದೆಯ ಕೆಳಗೆ, ಒಂದು ವ್ರತದ ದಯೆಯಲ್ಲಿತ್ತು. ಪರದೆ ಬಿಗಿಯಾಗಿದೆಯೇ ಎಂದು ದಿನಾ ಎಳೆದು ನೋಡುತ್ತಿದ್ದೆ. ಲೋಕೇಶ ಅದನ್ನು ನೋಡಿ, “ಮಗು ತೊಟ್ಟಿಲು ನೋಡ್ದಂಗೆ ನೋಡ್ತೀರಾ ಸಾರ್” ಎಂದ.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಮುಂದಿನ ವಾರ ಹಳದಿ ಕೊಂಚ ಗಾಢವಾಯಿತು. ಅದಾದ ಮೇಲೆ ಕಿತ್ತಳೆಗೆ ತಿರುಗಿತು. ಟ್ಯೂಬ್‌ಲೈಟಿನ ದೋಷವಿರಬೇಕೆಂದು ಬೇರೆ ಟ್ಯೂಬ್ ಹಾಕಿಸಿದೆ. ಕಿತ್ತಳೆಯಾಗಿಯೇ ಇತ್ತು. ರೆಕ್ಕೆಯ ಬುಡದಿಂದ ಕೆಂಪು ಮೇಲೇರುತ್ತಾ ಬಂದು, ಬೀದಿಯಲ್ಲಿ ಗಣಪತಿಯ ಪೆಂಡಾಲ್ ಕಟ್ಟುವ ಹೊತ್ತಿಗೆ ಅಂಚು ಪೂರ್ತಿ ದಾಳಿಂಬೆ ಕಾಳಿನ ಬಣ್ಣಕ್ಕೆ ಬಂದು ನಿಂತಿತು. ಹಬ್ಬ ಮುಗಿದರೂ ಬದಲಾಗಲಿಲ್ಲ. ಹಳದಿ ದಾರಿಯ ನಡುವಿನ ಒಂದು ನಿಲ್ದಾಣ, ಅಷ್ಟೆ. ಅವತ್ತು ರತ್ನಕ್ಕ ಒಪ್ಪಿದ್ದರೆ, ಬಲಿಯದ ಗಂಡಿನ ಬಣ್ಣವನ್ನೇ ಹೊಸ ಪ್ರಭೇದದ ಗುರುತೆಂದು ನಾವು ಜಗತ್ತಿಗೆ ಹೇಳಿಬಿಡುತ್ತಿದ್ದೆವು. ಈ ಜಾತಿಯ ಮೀನುಗಳಲ್ಲಿ ಅಂಥ ತಪ್ಪು ಹಿಂದೆಯೂ ಆಗಿದೆ. ಒಂದೇ ಮೀನಿನ ಬೇರೆ ಬೇರೆ ವಯಸ್ಸಿಗೆ ಬೇರೆ ಬೇರೆ ಹೆಸರಿಟ್ಟವರಿದ್ದಾರೆ.

“ನೋಡಿದ್ರಾ, ಹಳದಿ ಅಲ್ಲ” ಎಂದರು ರತ್ನಕ್ಕ.

“ಹಸಿರೂ ಅಲ್ಲ.”

“ಅಲ್ಲ” ಎಂದು ಅವರೂ ಒಪ್ಪಿದರು.

ಹಬ್ಬ ಕಳೆದ ಮೇಲೆ ಅವರು ಮಾತಿನಂತೆ ತಾವೇ ಜಾಲರಿ ಹಿಡಿದರು. “ಬಾರೋ, ಬಾ” ಎಂದು ಮೆಲ್ಲಗೆ ಕರೆಯುತ್ತಾ ಮೀನನ್ನು ಬಿಳಿ ಟಬ್ಬಿಗೆ ಬಿಟ್ಟರು. ಲವಂಗದ ವಾಸನೆ ಅಂಗಡಿಯನ್ನೆಲ್ಲ ತುಂಬಿತು. ಮೀನು ಒಂದೆರಡು ಸುತ್ತು ಹಾಕಿ, ಏನನ್ನೋ ನೆನಪಿಸಿಕೊಳ್ಳುವಂತೆ ನಿಂತು, ಮಗ್ಗುಲಾಯಿತು. ಲೋಕೇಶನೂ ಟಬ್ಬಿನ ಮೇಲೆ ಬಾಗಿದ. ರತ್ನಕ್ಕ ಟಬ್ಬು ತೊಳೆದು ಬೋರಲು ಹಾಕಿ, “ಕಾಫಿ ಕುಡ್ಕೊಂಡು ಹೋಗಿ ಸಾರ್” ಎಂದು ಮಹಡಿ ಹತ್ತಿದರು.

ಪ್ರಭೇದ ಹೊಸದೇ ಆಗಿತ್ತು. ದಾಳಿಂಬೆ ಅಂಚಿನ ಎರಡನೆಯ ಗಂಡೇ ಆ ಹೆಸರನ್ನು ಹೊತ್ತ ಮೂಲ ಮಾದರಿಯಾಯಿತು. ಹೆಣ್ಣುಗಳಲ್ಲಿ ಒಂದನ್ನು ಜೊತೆಗೆ ಸೇರಿಸಿದೆವು. ಹೆಸರಿನಲ್ಲಿ ‘ಶ್ರಾವಣ’ ಬರಲಿ ಎಂದದ್ದು ಮೇಡಂ, ನಾನಲ್ಲ. ಆದರೆ ಮೊದಲ ಗಂಡಿನ ಬಗ್ಗೆ ಅವರು ಬರೆದ ಒಂದು ವಾಕ್ಯಕ್ಕೆ ನಾನು ಜಗಳವಾಡಿದೆ. ‘ಬದುಕಿದ್ದಾಗಿನ ಬಣ್ಣ ತಿಳಿದಿಲ್ಲ’ ಎಂಬ ವಾಕ್ಯ.

“ಅದೂ ಬಣ್ಣ ಬದಲಿಸುವ ಹಂತದಲ್ಲಿ ಇದ್ದಿರಬಹುದಲ್ಲ ಮೇಡಂ. ಆಗ ಹಳದಿಯೇ ಸರಿ.”

“ಇದ್ದಿರಬಹುದು.”

“ನಾನು ನೋಡಿದ್ದೇನೆ.”

“ಯಾವ ಬೆಳಕಿನಲ್ಲಿ?”

ಆಗ ಹೊಳೆಯಿತು. ಕೆಲವು ಕೆಂಪು ಬಣ್ಣಗಳು ಕಡುನೀಲಿ ದೀಪದಡಿ ಬೇರೆಯೇ ಆಗಿ ಹೊಳೆಯುತ್ತವೆ. ಕೆಂಪಾದ ಮೀನನ್ನು ಒಮ್ಮೆ ಆ ಹಳೆಯ ನೀಲಿ ದೀಪದಡಿ ನೋಡಿದ್ದರೆ ನನ್ನ ಹಳದಿಯೋ ಅವರ ಹಸಿರೋ ಎರಡೂ ಸುಳ್ಳೋ, ತಿಳಿಯುತ್ತಿತ್ತು. ದೀಪ ಅದೇ ಅಂಗಡಿಯ ಅಟ್ಟದ ಮೇಲಿತ್ತು. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಮೀನು ಆಗಲೇ ಬಾಟಲಿಯಲ್ಲಿ ಅನ್ನದ ಬಣ್ಣಕ್ಕೆ ತಿರುಗಿತ್ತು. ಉಳಿದ ಒಂದೇ ಹೆಣ್ಣು ಗಂಡಾದೀತು ಎಂದು ಕಾದೆವು. ದೀಪಾವಳಿ ಹೊತ್ತಿಗೆ ಅದು ಯಾವ ಬಣ್ಣವನ್ನೂ ತಾಳದೆ ಸತ್ತಿತು. ವಾಕ್ಯ ಹಾಗೆಯೇ ಅಚ್ಚಾಯಿತು.

ಮೊನ್ನೆ ಅಂಗಡಿ ಅಲ್ಲೇ ಇತ್ತು. ರತ್ನಕ್ಕನ ಕೂದಲು ಬೆಳ್ಳಗಾಗಿದೆ, ಲೋಕೇಶನಿಗೆ ಹೊಟ್ಟೆ ಬಂದಿದೆ. ರತ್ನಕ್ಕ ಒಬ್ಬ ಹುಡುಗನಂಥ ಗಿರಾಕಿಗೆ ಉಪ್ಪುನೀರಿನ ತೊಟ್ಟಿಯ ಬಗ್ಗೆ ಹೇಳುತ್ತಿದ್ದರು. ನನ್ನನ್ನು ಕಂಡದ್ದೇ, “ಅಯ್ಯೋ, ಬಂದ್ರು ನೋಡಿ! ನಾನು ಹೇಳಿದ್ನಲ್ಲ, ಇದೇ ಅಂಗಡೀಲಿ ಹೊಸ ಮೀನು ಕಂಡುಹಿಡಿದ ಸಾರು, ಇವ್ರೇ!” ಎಂದರು. ಊದಿದ ಬಾಯಿಂದ ನಾನು ನಮಸ್ಕಾರ ಎಂದೆ.

“ಮೊದಲ್ನೇದು ಒಂದಿತ್ತಪ್ಪ, ಹಾರಿ ಸತ್ತೋಯ್ತು. ಎಂಥಾ ಚೆಂದ ಅಂತೀರಾ! ಬೆನ್ನಿನ ಮೇಲೆ ಹಳದಿ ಅಂಚು. ಬಂಗಾರದ ಜರಿ ಇದ್ದಂಗೆ.”

ನಾನು ಬೆಚ್ಚಿದೆ. “ಹಳದಿ ಅಲ್ಲ ಅಕ್ಕ. ಹಸಿರು ಅಂದಿದ್ರಿ ನೀವು.”

“ನಾನಾ? ಹಸಿರಾ? ಹಳದಿ ಹಳದಿ ಅಂತ ನನ್ ತಲೆ ತಿಂದಿದ್ದು ನೀವೇ ಅಲ್ವಾ? ನೀವು ಹೇಳಿದ್ದು ಸರಿಯಾಗೇ ಇತ್ತು ಸಾರ್. ನಂಗೀಗ ಕಣ್ಣಿಗೆ ಕಟ್ಟಿದಂಗಿದೆ.”

ವಾದಿಸಲೆಂದು ಆ ಸಂಜೆಯನ್ನು ನೆನೆಸಿಕೊಳ್ಳಲು ಹೋದೆ. ಮಳೆ, ಒದ್ದೆ ಚಪ್ಪಲಿ, ನೀಲಿ ದೀಪ, ಹಾಯಿಯಂತೆ ಎದ್ದ ರೆಕ್ಕೆ ಎಲ್ಲ ಬಂದವು. ರೆಕ್ಕೆಯ ಅಂಚು ಮಾತ್ರ ಗಿಣಿ ಹಸಿರಾಗಿತ್ತು. ಎಷ್ಟು ವರ್ಷದಿಂದ ಹಾಗಿದೆಯೋ ನನಗೆ ತಿಳಿಯದು. ಅವರ ಮಾತನ್ನು ಅಲ್ಲಗಳೆಯುತ್ತಲೇ ನಾನು ಅವರ ಹಸಿರನ್ನು ನನ್ನ ನೆನಪಾಗಿಸಿಕೊಂಡಿದ್ದೆ. ನನ್ನ ಮಾತನ್ನು ಅಲ್ಲಗಳೆಯುತ್ತಲೇ ಅವರು ನನ್ನ ಹಳದಿಯನ್ನು.

“ನಿಜ ಯಾವ್ದು ಸಾರ್?” ಎಂದ ಗಿರಾಕಿ.

ಫೋನು ತೆಗೆದೆ. ಎಷ್ಟು ಫೋನು ಬದಲಿಸಿದರೂ ಆ ಒಂದು ಫೋಟೊ ನನ್ನ ಜೊತೆ ಬಂದಿದೆ. ಅವನು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ. ಒಂದು ಕಡೆಯಿಂದ ರತ್ನಕ್ಕ, ಇನ್ನೊಂದು ಕಡೆಯಿಂದ ಲೋಕೇಶ ಬಗ್ಗಿ ನೋಡಿದರು. ನೀಲಿ ನೀರು, ನೀಲಿ ಹವಳ, ನೀಲಿ ಮೀನು.

“ಅಂಚಲ್ಲಿ ಏನೋ ಒಂದು ಗೆರೆ ಇದೆ ಸಾರ್” ಎಂದ ಅವನು. “ಬಣ್ಣ ಗೊತ್ತಾಗ್ತಾ ಇಲ್ಲ.”

“ಅದೇ ನಾವು ಬರೆದಿದ್ದು” ಎಂದೆ.

ರತ್ನಕ್ಕನಿಗೆ ಸಮಾಧಾನವಾಗಲಿಲ್ಲ. ಲೋಕೇಶನನ್ನು ಅಟ್ಟ ಹತ್ತಿಸಿ ಹಳೆಯ ನೀಲಿ ದೀಪ ಇಳಿಸಲು ಹೇಳಿದರು. ಅದು ಧೂಳು ಹಿಡಿದು ಅಲ್ಲೇ ಇತ್ತು. ಪ್ಲಗ್ ಹಾಕಿದರೆ ಹತ್ತಿಕೊಂಡಿತು. ಅದರಡಿ ಇಟ್ಟು ನೋಡಲು ನಮ್ಮ ಬಳಿ ಆ ಮೀನು ಇರಲಿಲ್ಲ. ನಾಲ್ವರೂ ಆ ನೀಲಿ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. ನನ್ನ ಕೆನ್ನೆಯಲ್ಲಿ ನಿಧಾನವಾಗಿ ನೋವು ಮರಳುತ್ತಿತ್ತು.